ಫೋನಿನಲ್ಲಿ ಮಾತ್ರ ಅಮ್ಮ

ಕ್ಯಾಲನೂರಿನ ಶಾಮಲಮ್ಮ ಸೀಮೆಹಸು ಸಾಕಿ, ಡೈರಿಗೆ ಹಾಲು ಹಾಕಿ ಮಗನನ್ನು ಬೆಳೆಸಿದವಳು. ಮಗ ನಂದೀಶ್ ಕೋಲಾರದ ಟೊಮೆಟೊ ಮಾರುಕಟ್ಟೆಯಿಂದ ಬೈಕಿನಲ್ಲಿ ಬರುವಾಗ ಟೆಂಪೊ ಗುದ್ದಿ ತಲೆಗೆ ಪೆಟ್ಟಾಯಿತು. ಆಸ್ಪತ್ರೆಯಲ್ಲಿ ಮಂಪರಿನಲ್ಲೇ ಇದ್ದವನು ಮನೆಗೆ ಬಂದ ದಿನ ಕೊಟ್ಟಿಗೆಯ ಹಸು ಅವನ ಕೈ ಮೂಸಿ ನೆಕ್ಕಿತು. ಅವನೂ ಅದರ ಕತ್ತು ಸವರಿದ. ಆಮೇಲೆ ಪಕ್ಕದಲ್ಲಿದ್ದ ತಾಯಿಯನ್ನು ನೋಡಿ, "ಯಾರಮ್ಮಾ ನೀನು? ನಮ್ಮಮ್ಮ ಎಲ್ಲಿ?" ಎಂದ.

"ನಾನೇ ಕಣೋ."

"ನೋಡೋಕೆ ಹಂಗೇ ಇದ್ದೀಯ. ಆದ್ರೆ ನೀನು ಅವಳಲ್ಲ."

ಡಾಕ್ಟರು ಹೇಳಿದರು: "ಮುಖ ಕಾಣುತ್ತಮ್ಮ ಅವನಿಗೆ. ನೋಡಿದ ತಕ್ಷಣ ನಮ್ಮೋರು ಅನ್ನೋದು ಒಳಗಿಂದ ಹುಟ್ಟಬೇಕಲ್ಲ, ಪೆಟ್ಟು ಬಿದ್ದಿರೋದು ಅದಕ್ಕೆ."

ಶಾಮಲಮ್ಮನಿಗೆ ಗೊತ್ತಿದ್ದದ್ದು ದನದ ವಿಷಯ. ಕರು ಸತ್ತ ಹಸುವಿಗೆ ಬೇರೆ ಕರುವನ್ನು ಒಗ್ಗಿಸಲು ಸತ್ತದ್ದರ ಚರ್ಮವನ್ನು ಈ ಕರುವಿನ ಬೆನ್ನಿಗೆ ಹೊದಿಸುತ್ತಿದ್ದಳು. ವಾಸನೆ ಹಿಡಿದು ಹಸು ಹಾಲೂಡಿಸುತ್ತಿತ್ತು. ಅದೇ ಆಸೆಯಿಂದ, ಹಾಲು ಕರೆಯುವಾಗ ಉಡುವ ಹಳೇ ಸೀರೆಯನ್ನು ಒಗೆಯದೆ ಉಟ್ಟು ಮಗನ ಪಕ್ಕ ಕೂತಳು. ನಂದೀಶ್ ಸೆರಗು ಜಗ್ಗಿ ಕೂಗಾಡಿದ: "ನಮ್ಮಮ್ಮನ್ನ ಏನು ಮಾಡ್ದೆ? ಅವಳ ಸೀರೆ ಯಾಕೆ ಉಟ್ಟಿದ್ದೀಯ?" ಅವಳು ಬಡಿಸಿದ ತಟ್ಟೆ ಅಂಗಳಕ್ಕೆ ಬಿತ್ತು. ವಿಷ ಹಾಕಿದ್ದಾಳೆಂದು ಊಟವನ್ನೇ ಬಿಟ್ಟ.

ಒಂದು ಸಂಜೆ ಡೈರಿಯಲ್ಲಿ ತಡವಾಯಿತೆಂದು ಅವಳು ಅವನಿಗೆ ಫೋನ್ ಮಾಡಿದಳು.

"ಅಮ್ಮಾ!" ಎಂದವನೇ ಅತ್ತುಬಿಟ್ಟ. "ಎಲ್ಲಿ ಹೋದೆ? ಇಲ್ಲಿ ಯಾರೋ ನಿನ್ನ ಥರಾನೇ ಇರೋಳು ಸೇರ್ಕೊಂಡವ್ಳೆ."

ಎದುರಿಗೆ ನಿಂತಾಗ ಇದೇ ದನಿಗೆ ಮುಖ ತಿರುಗಿಸುತ್ತಿದ್ದ ಮಗ. ಅವಳು ಹಾಲಿನ ಕ್ಯಾನು ಕೆಳಗಿಟ್ಟು ಗೋಡೆಗೆ ಒರಗಿದಳು. ಮನೆಯಲ್ಲಿರುವವಳೂ ನಾನೇ ಎಂದುಬಿಟ್ಟರೆ ಈ ದನಿಯನ್ನೂ ನಂಬದೆ ಹೋದಾನು ಅನ್ನಿಸಿತು.

"ನಾನೇ ಕಳಿಸಿದ್ದು ಕಣಪ್ಪ. ಒಳ್ಳೇ ಹೆಂಗಸು. ಅವಳು ಕೊಟ್ಟಿದ್ದು ತಿನ್ನು."

"ನೀನು ಯಾವಾಗ ಬರ್ತೀಯ?"

"ಬರ್ತೀನಿ."

ಅಂದಿನಿಂದ ಅವನು ಉಣ್ಣುತ್ತಾನೆ. ಎರಡು ವರ್ಷವಾಯಿತು. ಊಟಕ್ಕೆ ಮುಂಚೆ ಶಾಮಲಮ್ಮ ಹುಲ್ಲಿನ ಬಣವೆಯ ಹಿಂದೆ ಹೋಗಿ ಫೋನ್ ಮಾಡುತ್ತಾಳೆ, ಮಾತು ಮುಗಿಸಿ ಕಣ್ಣೊರೆಸಿಕೊಂಡು ಒಳಗೆ ಬಂದು ಮುದ್ದೆ ಬಡಿಸುತ್ತಾಳೆ. ಈಗ ಅವನು ಬೈಯುವುದಿಲ್ಲ. ಪರವೂರಿನವರನ್ನು ಮಾತಾಡಿಸುವಂತೆ ಮರ್ಯಾದೆ ಕೊಡುತ್ತಾನೆ.

ಹೋದ ವಾರ ಮುದ್ದೆ ಮುರಿಯುತ್ತ ಕೇಳಿದ, "ನಿಮಗೆ ಮಕ್ಕಳಿಲ್ವಾ?"

"ಒಬ್ಬ ಮಗ ಅವ್ನೆ."

"ನಿಮ್ಮನ್ನ ನೋಡೋಕೆ ಬರಲ್ವಾ?"

"ಇಲ್ಲ" ಎಂದು ಅವಳು ಸಾರು ಬಡಿಸಿದಳು.