ಬುಟ್ಟಿಗೆ ಹಾಕಿದ ಮುಖ

ಕ್ಯಾಮೆರಾ ಕೆಟ್ಟಿರಲಿಲ್ಲ, ಆ ಫೋಟೋ ಅಳಿಸಿದವಳು ನಾನೇ.

ಅಂಕೋಲೆಯ ಪೇಟೆಯಲ್ಲಿ ನಲವತ್ತು ವರ್ಷ ನನ್ನ ಪಕ್ಕದಲ್ಲೇ ಕುಳಿತು ಮೀನು ಮಾರಿದ ಗೆಳತಿ, ಮಂಡಿನೋವು ಹೆಚ್ಚಾಗಿ ಗೋವಾದ ಮಡಗಾಂವಿನಲ್ಲಿರುವ ಮಗಳ ಮನೆಗೆ ಹೊರಟಿದ್ದಳು. ಅವಳದೊಂದು ಫೋಟೋ ನನ್ನ ಹತ್ತಿರ ಇರಲಿಲ್ಲ. ಮೊಮ್ಮಗಳ ಹೊಸ ಕ್ಯಾಮೆರಾ ಕೇಳಿ ತಂದು, ಗುಂಡಿ ಒತ್ತುವುದನ್ನು ಎರಡು ದಿನ ಕಲಿತೆ.

"ಹಲ್ಲಿಲ್ಲದ ಬಾಯಿ ಎಂತಕ್ಕೆ ಬೇಕೇ ನಿಂಗೆ?" ಎಂದಳು ಗೆಳತಿ.

"ಬಂಗಡೆ ಬಾಯಿ ಹಾಂಗೆ ತೆರ್ಕಂಡೇ ಇರು, ಮುಚ್ಬೇಡ" ಎಂದೆ. ಅವಳು ನಕ್ಕಳು, ನಾನು ಒತ್ತಿದೆ. ಫೋಟೋ ಚೆನ್ನಾಗಿಯೇ ಬಂತು.

ಅವಳು ಹೋದ ಮೇಲೆ ದಿನಾ ಅದನ್ನು ನೋಡುತ್ತಿದ್ದೆ. ಕ್ಯಾಮೆರಾ ತಿರುಗಿ ಕೊಡುವ ಮೊದಲು ಆ ಮುಖ ಜೋಪಾನ ಮಾಡಬೇಕೆನಿಸಿತು. ಪರದೆಯಲ್ಲಿ ಸಣ್ಣ ಬುಟ್ಟಿಯ ಚಿತ್ರವಿತ್ತು. ನಾವು ಒಳ್ಳೆಯ ಮೀನನ್ನು ಬುಟ್ಟಿಗೆ ಹಾಕುತ್ತೇವೆ, ಹಾಳಾದದ್ದನ್ನು ಹೊರಗೆ ಎಸೆಯುತ್ತೇವೆ. ಹಾಗಾಗಿ ಬುಟ್ಟಿಯನ್ನೇ ಒತ್ತಿದೆ. ಇಂಗ್ಲಿಷಿನಲ್ಲಿ ಏನೋ ಕೇಳಿತು, ಅದಕ್ಕೂ ಒತ್ತಿದೆ.

"ಅಜ್ಜಿ, ಅದು ಕಸದ ಬುಟ್ಟಿ!" ಎಂದು ಮೊಮ್ಮಗಳು ತಲೆ ಚಚ್ಚಿಕೊಂಡಳು.

"ಕಸಕ್ಕೆ ಯಾರೇ ಅಷ್ಟು ಚಂದದ ಬುಟ್ಟಿ ಇಡ್ತಾರೆ?" ಎಂದು ಅವಳಿಗೇ ಬೈದೆ.

ಅಷ್ಟು ವರ್ಷ ಜೊತೆಗೆ ಕುಳಿತರೂ ನಾನು ನೋಡುತ್ತಿದ್ದದ್ದು ಗಿರಾಕಿಯನ್ನು, ಅವಳನ್ನಲ್ಲ. ಈಗ ಕಣ್ಣು ಮುಚ್ಚಿದರೆ ಅವಳ ದನಿ ಬರುತ್ತಿತ್ತು, ಮುಖ ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕಾರವಾರಕ್ಕೆ ಹೋಗಿ, ಅಲ್ಲಿಂದ ಮಡಗಾಂವಿನ ಬಸ್ಸು ಹತ್ತಿದೆ.