ಬಲಗಾಲು ಮಾತ್ರ

ಪವಿತ್ರ ಗುರುವಾರದ ಸಂಜೆ ನಮ್ಮ ಪೀಣ್ಯದ ಚರ್ಚಿನಲ್ಲಿ ಸ್ವಾಮಿಯವರು ಹನ್ನೆರಡು ಗಂಡಸರ ಕಾಲು ತೊಳೆಯುತ್ತಿದ್ದರು. ಯೇಸುಸ್ವಾಮಿ ಕಡೆಯ ಊಟದ ದಿನ ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ. ಹೆಂಗಸರ ಕಾಲು ಯಾರೂ ತೊಳೆಯುತ್ತಿರಲಿಲ್ಲ. ಅವರಿಗೆ ಪಾತ್ರೆ ತೊಳೆಯುವುದಿತ್ತು.

ನಮ್ಮಲ್ಲಿ ಬಲಗಾಲು ಮಾತ್ರ ತೊಳೆಯುವುದು ಸಂಪ್ರದಾಯ. ಹಾಗಾಗಿ ಆ ಹನ್ನೆರಡು ಮಂದಿ ಮನೆಯಲ್ಲೇ ಸೀಮೆಎಣ್ಣೆ ಸವರಿ, ಕಲ್ಲಿನಿಂದ ಉಜ್ಜಿ, ಕಾರ್ಖಾನೆಯ ಗ್ರೀಸ್ ತೆಗೆದು, ಬಲಗಾಲಿಗೆ ಪೌಡರ್ ಹಾಕಿಕೊಂಡು ಬರುತ್ತಿದ್ದರು. ತೊಳೆದ ಕಾಲನ್ನೇ ತೊಳೆಸಿಕೊಳ್ಳುವ ಈ ನಾಟಕ ಯಾಕೆ ಎಂದು ಹತ್ತನೇ ಕ್ಲಾಸಿನ ನಾನು ಕೇಳಿದ್ದಕ್ಕೆ ಅಮ್ಮ, "ಮೊದ್ಲು ನಿನ್ ಬಾಯಿ ತೊಳೀಬೇಕು" ಎಂದಿದ್ದಳು.

ಹನ್ನೆರಡನೆಯ ಕುರ್ಚಿಗೆ ಯೂದನ ಕುರ್ಚಿ ಎಂದೇ ಹೆಸರು. ಗುರುವನ್ನೇ ಹಿಡಿದುಕೊಟ್ಟವನ ಜಾಗದಲ್ಲಿ ಕೂರಲು ಯಾರೂ ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಎಂಬತ್ತರ ದಶಕದ ಶುರುವಿನ ಒಂದು ವರ್ಷ ಉಪದೇಶಿಯವರು, ಅಂದರೆ ಚರ್ಚಿನ ಜಪ, ಹಾಡು, ಚಾಡಿ ಮೂರನ್ನೂ ನೋಡಿಕೊಳ್ಳುತ್ತಿದ್ದವರು, ಅಪ್ಪನನ್ನು ಹುಡುಕಿಕೊಂಡು ಮನೆಗೆ ಬಂದರು.

ಅಪ್ಪನಿಗೆ ಯೂದನ ಬಗ್ಗೆ ತಕರಾರಿರಲಿಲ್ಲ. ತಕರಾರು ಎಡಗಾಲಿನದು. ನಾಲ್ಕು ವರ್ಷದ ಹಿಂದೆ ಕೆಲಸದಲ್ಲಿ ಕಬ್ಬಿಣದ ಹಾಳೆ ಜಾರಿ ಬಿದ್ದು ಆ ಕಾಲಿನ ಎರಡು ಬೆರಳು ಹೋಗಿದ್ದವು. ಅಂದಿನಿಂದ ಮನೆಯೊಳಗೂ ಕಾಲುಚೀಲ ತೆಗೆದವನಲ್ಲ. ಶುಭ ಶುಕ್ರವಾರ ಎಲ್ಲರೂ ಬರಿಗಾಲಲ್ಲಿ ಶಿಲುಬೆ ಹಾದಿ ನಡೆಯುವಾಗ ಅವನಿಗೆ ವರ್ಷವೂ ತಪ್ಪದೆ ಹೊಟ್ಟೆನೋವು. ಬೀದಿಯವರು 'ಸಾಕ್ಸ್ ಸಾಹೇಬ್ರು' ಎಂದರೆ ನಗುತ್ತಿದ್ದ. ಆದರೆ ಸ್ವಂತ ಮಗಳಾದ ನಾನೂ ಆ ಕಾಲನ್ನು ನೋಡಿರಲಿಲ್ಲ. ಅವನ ನಾಚಿಕೆ ಕಂಡರೆ ನನಗೆ ಸಿಟ್ಟು ಬರುತ್ತಿತ್ತು.

"ಬಲಗಾಲು ಮಾತ್ರ ಕಣಯ್ಯಾ," ಎಂದರು ಉಪದೇಶಿ. "ಎಡಗಾಲಿಗೆ ಬೂಟು ಹಾಕ್ಕೊಂಡೇ ಕೂತ್ಕೋ. ನಮ್ ತಾತನ ಕಾಲದಿಂದ ನಡ್ಕೊಂಡ್ ಬಂದಿರೋದು, ಯಾವನ್ ಬದಲಾಯಿಸ್ತಾನೆ?"

ಆ ಮಾತಿಗೆ ಅಪ್ಪ ಒಪ್ಪಿದ. ಆದರೆ ಬದಲಾಯಿಸುವವರು ಆಗಲೇ ಬಂದಿದ್ದರು. ಸ್ವಾಮಿಯವರು ಆ ವರ್ಷ ಹೊಸಬರು. ಗುರುವಾರ ಸಂಜೆ ಮೊದಲನೆಯವನ ಬಲಗಾಲು ತೊಳೆದು, "ಇನ್ನೊಂದು" ಎಂದರು. ಉಪದೇಶಿ ಗಾಬರಿಯಿಂದ ಬಗ್ಗಿ ಸಂಪ್ರದಾಯದ ವಿಷಯ ಪಿಸುಗುಟ್ಟಿದರು.

"ಯೇಸುಸ್ವಾಮಿ ಒಂದೇ ಕಾಲು ತೊಳೆದ್ರು ಅಂತ ಎಲ್ಲಿ ಬರ್ದಿದೆ, ತೋರಿಸ್ರೀ?"

ಮೈಕು ಚಾಲೂ ಇತ್ತು. ಇಡೀ ಚರ್ಚಿಗೆ ಕೇಳಿಸಿತು.

ಒಂದೊಂದೇ ಎಡಗಾಲು ಹೊರಬಂತು. ಪೌಡರ್ ಹಚ್ಚಿದ ಬಲಗಾಲಿನ ಪಕ್ಕ ಗ್ರೀಸು, ಕೆಸರು, ಒಡೆದ ಹಿಮ್ಮಡಿ. ಮೂರನೆಯವನ ಹೊತ್ತಿಗೆ ಬೇಸಿನ್ ನೀರು ಡಿಕಾಕ್ಷನ್ ಆಗಿತ್ತು. ಹೆಂಗಸರ ಸಾಲಿನಲ್ಲಿ ಸೆರಗು ಬಾಯಿಗೆ ಹೋಯಿತು. ನಾನೂ ನಕ್ಕೆ. ಆಮೇಲೆ ಕೊನೆಯ ಕುರ್ಚಿ ನೆನಪಾಗಿ ನಗು ಸತ್ತುಹೋಯಿತು. ಅಪ್ಪ ಹನ್ನೊಂದು ಜನರ ಸರದಿ ಮುಗಿಯುವವರೆಗೂ ತನ್ನ ಎಡಬೂಟನ್ನೇ ನೋಡುತ್ತಿದ್ದ.

ಸ್ವಾಮಿಯವರು ಅವನ ಮುಂದೆ ಮಂಡಿಯೂರಿದರು. ಬಲಗಾಲು ಮುಗಿಯಿತು.

"ಬೇಡ ಸ್ವಾಮಿ. ಇದೊಂದು ಬೇಡ," ಎಂದ ಅಪ್ಪ.

ನನ್ನ ಪಕ್ಕದ ಅಜ್ಜಿ, "ಅಯ್ಯೋ, ಯೂದನ್ ಕುರ್ಚೀಲಿ ಕೂತ್ಕಂಡು ಪೇತ್ರನ್ ಮಾತಾಡ್ತಾವ್ನಲ್ಲ!" ಎಂದಳು. ಕಾಲು ತೊಳೆಯಲು ಬಂದ ಯೇಸುವನ್ನು ಬೇಡವೆಂದು ತಡೆದವನು ಪೇತ್ರ. ಅಪ್ಪ ಅವನ ಪಾರ್ಟು ಮಾಡುತ್ತಿದ್ದಾನೆ ಎಂದು ಅಜ್ಜಿಗೆ ಖುಷಿಯೋ ಖುಷಿ.

ಸ್ವಾಮಿಯವರು ವಾದ ಮಾಡಲಿಲ್ಲ, ಏಳಲೂ ಇಲ್ಲ. ಒದ್ದೆ ನೆಲದಲ್ಲಿ ಹಾಗೇ ಕಾದರು. ಕೊನೆಗೆ ಅಪ್ಪನೇ ಬಗ್ಗಿ ಲೇಸು ಬಿಚ್ಚಿದ. ಕಾಲುಚೀಲ ಎಳೆದ.

ಸ್ವಾಮಿಯವರು ಮೂರು ಬೆರಳು ತೊಳೆದರು. ಎರಡು ಬೆರಳು ಇಲ್ಲದ ಜಾಗವನ್ನೂ ತೊಳೆದರು. ಒರೆಸಿ, ಉಳಿದವರ ಪಾದಕ್ಕೆ ಕೊಟ್ಟ ಹಾಗೆಯೇ ಮುತ್ತು ಕೊಟ್ಟರು. ನಾಟಕ ಎಂದಿದ್ದ ನಾನು ಗೊಳೋ ಎಂದು ಅತ್ತೆ. ಅಮ್ಮ ನನ್ನ ತೊಡೆ ಚಿವುಟಿದಳು, ತಾನೂ ಅಳುತ್ತ.

ಬಲಗಾಲು ಮಾತ್ರ ಎನ್ನುವ ಸಂಪ್ರದಾಯ ಇಲ್ಲದಿದ್ದರೆ ಅಪ್ಪ ಆ ಕುರ್ಚಿಗೆ ಬರುತ್ತಲೇ ಇರಲಿಲ್ಲ ಎಂದು ಉಪದೇಶಿ ಆಮೇಲೆ ಜಂಭ ಕೊಚ್ಚಿಕೊಂಡರು. ಆಸಾಮಿ ಹೇಳಿದ್ದರಲ್ಲಿ ಅದೊಂದು ನಿಜ.

ಮರುದಿನ ಶುಭ ಶುಕ್ರವಾರ. ಶಿಲುಬೆ ಹಾದಿಗೆ ಹೊರಟಾಗ ಅಪ್ಪನಿಗೆ ಹೊಟ್ಟೆನೋವು ಬರಲಿಲ್ಲ. ಬರಿಗಾಲಲ್ಲಿ ಬಾಗಿಲಾಚೆ ನಿಂತಿದ್ದ. ಟಾರು ರಸ್ತೆ ಕಾದ ಹೆಂಚಾಗಿತ್ತು. ನನ್ನ ಕಣ್ಣು ಮತ್ತೆ ಮತ್ತೆ ಕೆಳಗೆ ಹೋಗುತ್ತಿತ್ತು.

"ಎಣಿಸ್ತಿದ್ದೀಯೇನೇ?" ಎಂದ ಅಪ್ಪ. "ಒಟ್ಟು ಎಂಟಿದೆ. ನಡಿ, ಎಂಟೂ ಸುಡ್ತಿದೆ."