ಕಲ್ಲಿನ ದೋಣಿಯ ಹುಳಗಳು

ನಾನು ಚಿಕ್ಕವಳಿದ್ದಾಗ ಒಂದು ಮಳೆಗಾಲದಲ್ಲಿ ನಮ್ಮ ಸುರೇಬಾನದ ಜನರೆಲ್ಲ ಮುದುಕರಂತೆ ನಡೆಯತೊಡಗಿದರು. ಗಟ್ಟಿಮುಟ್ಟಾದ ಗಂಡಸರೂ ಗೋಡೆ ಹಿಡಿದು, ಮೊಣಕಾಲಿನ ಮೇಲೆ ಕೈಯೂರಿ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಮೂರು ದಿನ ಸುಡುವ ಜ್ವರ, ಆಮೇಲೆ ತಿಂಗಳುಗಟ್ಟಲೆ ಕೀಲುನೋವು. ಹೆಸರು ಚಿಕುನ್‌ಗುನ್ಯಾ. ಯಾರ ನಾಲಿಗೆಗೂ ಹೊರಳದ ಆ ಹೆಸರನ್ನು ಒಂಬತ್ತು ವರ್ಷದ ನಾನು ಮತ್ತೆ ಮತ್ತೆ ಹೇಳಿ ನೋಡುತ್ತಿದ್ದೆ.

ನಮ್ಮ ಮನೆಯಲ್ಲಿ ಅಕ್ಕ ಮಲಗಿದ್ದಳು. ಅಪ್ಪ ಅವಳನ್ನು ಜೀಪಿನಲ್ಲಿ ರಾಮದುರ್ಗಕ್ಕೆ ಕರೆದೊಯ್ದು ಸಲೈನ್ ಹಾಕಿಸಿಕೊಂಡು ಬಂದಿದ್ದರು. ಪಡಸಾಲೆಯಲ್ಲಿ ಮೆತ್ತನೆಯ ಹಾಸಿಗೆ, ತಲೆಯ ಹತ್ತಿರ ಮೋಸಂಬಿ, ಸಂಜೆಯಾದರೆ ಬೇವಿನ ಸೊಪ್ಪಿನ ಹೊಗೆ. ಕೆಳಗಿನ ಓಣಿಯಲ್ಲಿದ್ದ ನನ್ನ ಗೆಳತಿಯ ಅವ್ವನಿಗೂ ಅದೇ ಜ್ವರ ಬಂದಿತ್ತು. ಆಕೆ ನಮ್ಮ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ನಾಲ್ಕನೆಯ ದಿನವೇ ಕೆಲಸಕ್ಕೆ ಬಂದಳು. ಬೆರಳು ಮಡಚಲಾಗದೆ, ಕುರ್ಪಿಯನ್ನು ಅಂಗೈಗೆ ಬಟ್ಟೆಯಿಂದ ಕಟ್ಟಿಕೊಂಡಿದ್ದಳು. ಒಂದೇ ಜ್ವರ, ಒಬ್ಬರಿಗೆ ಹಾಸಿಗೆ, ಇನ್ನೊಬ್ಬರಿಗೆ ಹೊಲ, ಹೀಗೇಕೆ ಎಂದು ಮನೆಯಲ್ಲಿ ಎಲ್ಲರನ್ನೂ ಕೇಳುತ್ತಿದ್ದೆ.

ರೋಗ ಕೆಳಗಿನ ಓಣಿಯಿಂದಲೇ ಬಂದದ್ದು ಎಂದು ದೊಡ್ಡವರು ತೀರ್ಮಾನಿಸಿಬಿಟ್ಟಿದ್ದರು. ಆ ಓಣಿಗೆ ಊರ ನಳದ ನೀರು ಬರುತ್ತಿದ್ದುದು ವಾರಕ್ಕೊಮ್ಮೆ. ಹಾಗಾಗಿ ಅಲ್ಲಿಯ ಹೆಂಗಸರು ದಿನಾ ನಮ್ಮ ಬೋರಿನ ಹೊರಗಿನ ನಳದಲ್ಲಿ ಕೊಡ ತುಂಬಿಕೊಳ್ಳುತ್ತಿದ್ದರು. ಅಪ್ಪ ಆ ನಳಕ್ಕೆ ಬೀಗ ಹಾಕಿದರು. ಆ ಕಡೆ ಹೋಗಬಾರದೆಂದು ನನಗೂ ಹೇಳಿದರು.

ಒಂದು ದಿನ ಸರಕಾರಿ ದವಾಖಾನೆಯ ನರ್ಸಬಾಯಿ ಕೈಯಲ್ಲಿ ಟಾರ್ಚು ಹಿಡಿದು ಆ ಓಣಿಯತ್ತ ಹೊರಟರು. ಹಗಲು ಹೊತ್ತಿನಲ್ಲಿ ಟಾರ್ಚೇಕೆ? ತಡೆಯಲಾಗಲಿಲ್ಲ, ಅವರ ಹಿಂದೆಯೇ ಹೋದೆ.

ಗೆಳತಿಯ ಮನೆಯ ಮುಂದೆ ನೀರು ತುಂಬಿದ ಬ್ಯಾರಲ್ ಇತ್ತು. ನರ್ಸಬಾಯಿ ಅದರೊಳಗೆ ಬೆಳಕು ಬಿಟ್ಟ ಕೂಡಲೇ ನೂರಾರು ಸಣ್ಣ ಹುಳಗಳು ಮೈ ಬಳುಕಿಸುತ್ತ ತಳಕ್ಕೆ ಓಡಿದವು. ಉಸಿರು ಬಿಗಿಹಿಡಿದು ನೋಡಿದೆ. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಮೇಲೆ ಬಂದು, ತಲೆಕೆಳಗಾಗಿ ತೂಗಾಡುತ್ತ, ಬಾಲದಿಂದ ಉಸಿರೆಳೆದುಕೊಂಡವು.

“ಎಂಟ ದಿನದಾಗ ಇವಕ್ಕ ರೆಕ್ಕಿ ಬರತಾವ, ಸೊಳ್ಳಿ ಆಗತಾವ. ಈ ನೀರು ಚೆಲ್ಲಿ, ಬ್ಯಾರಲ್ ತಿಕ್ಕಿ ಒಣಗಸ್ರಿ,” ಎಂದರು ನರ್ಸಬಾಯಿ.

“ಚೆಲ್ಲಿದ್ರ ಕುಡಿಯಾಕ ಏನ್ರಿ ಬಾಯಾರ?” ಎಂದಳು ಗೆಳತಿಯ ಅವ್ವ. “ಗೌಡ್ರ ಮನಿ ನಳ ಇದ್ದಾಗ ದಿನಾ ತಾಜಾ ನೀರು ತರತಿದ್ವಿ. ಈಗ ಕೂಡಿ ಇಡದಽ ಗತಿ ಇಲ್ಲ...”

ಗೌಡರೆಂದರೆ ನಮ್ಮಪ್ಪ. ಆಕೆ ನನ್ನನ್ನು ಕಂಡು ಅಲ್ಲಿಗೇ ಮಾತು ನಿಲ್ಲಿಸಿದಳು.

“ನಮ್ಮ ಮನ್ಯಾಗೂ ನೋಡತೀರೇನ್ರಿ?” ಎಂದು ನರ್ಸಬಾಯಿಯನ್ನು ಕೇಳಿದೆ.

“ಹ್ವಾದ ವಾರ ಬಂದಿದ್ದೆನವ್ವಾ. ನಮ್ಮಲ್ಲೆ ಎಲ್ಲಾ ಸ್ವಚ್ಛ ಐತಿ ಅಂತ ಬಾಗಲದಾಗಿಂದನಽ ಕಳಿಸಿದ್ರು.”

ಟಾರ್ಚು ಕೇಳಿದೆ. ನಗುತ್ತಲೇ ಕೊಟ್ಟರು.

ನಮ್ಮ ಹಿತ್ತಲಲ್ಲಿ ಎತ್ತುಗಳಿಗೆ ನೀರು ಕುಡಿಸುವ ಕಲ್ಲಿನ ದೋಣಿ ಇತ್ತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಮಾರಿದ್ದರು, ದೋಣಿಯಲ್ಲಿ ಮಳೆನೀರು ಹಾಗೇ ನಿಂತಿತ್ತು. ಮೇಲೆ ತೇಲುತ್ತಿದ್ದ ಬೇವಿನೆಲೆಗಳನ್ನು ಸರಿಸಿ ಬೆಳಕು ಬಿಟ್ಟೆ. ಅವೇ ಹುಳಗಳು! ಅಕ್ಕ ಮಲಗಿದ್ದ ಪಡಸಾಲೆಗೂ ಆ ದೋಣಿಗೂ ನಡುವೆ ಇದ್ದದ್ದು ಒಂದೇ ಗೋಡೆ.

ಒಂದು ಬಟ್ಟಲಲ್ಲಿ ಹುಳಗಳನ್ನು ತುಂಬಿಕೊಂಡು ಮನೆಯ ಮುಂದಿನ ಕಟ್ಟೆಗೆ ಓಡಿದೆ. ಅಪ್ಪ ಊರಿನ ಹಿರಿಯರೊಬ್ಬರ ಜೊತೆ ಚಹಾ ಕುಡಿಯುತ್ತಿದ್ದರು.

“ಅಪ್ಪಾ, ನಮ್ಮ ದೋಣ್ಯಾಗ ಇದ್ವು ನೋಡ್ರಿ. ಇವಽ ಸೊಳ್ಳಿ ಆಗತಾವಂತ.”

“ಆ ಓಣ್ಯಾಗಿಂದ ಹಾರಿ ಬಂದಿರಬೇಕ ತಗೋ,” ಎಂದರು ಹಿರಿಯರು.

“ಇವಕ್ಕಿನ್ನೂ ರೆಕ್ಕಿನಽ ಇಲ್ಲಲ್ರಿ ಕಾಕಾ. ಹೆಂಗ ಹಾರಿ ಬಂದ್ವು?” ಎಂದೆ. ಚೇಷ್ಟೆಗೆ ಕೇಳಿದ್ದಲ್ಲ, ನನಗೆ ನಿಜವಾಗಿಯೂ ತಿಳಿಯಬೇಕಿತ್ತು.

ಅಪ್ಪ ಬೈಯುತ್ತಾರೆಂದು ಹೆದರಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಬಟ್ಟಲನ್ನೇ ನೋಡಿದರು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ, ದೋಣಿಯ ತೂತಿಗೆ ತುರುಕಿದ್ದ ಬಟ್ಟೆಯನ್ನು ಕಿತ್ತರು. ಹಸಿರು ನೀರು ಗಬ್ಬು ವಾಸನೆ ಬೀರುತ್ತ ಹರಿದುಹೋಯಿತು. ಟಾರ್ಚು ಇಸಿದುಕೊಂಡು ಟ್ರ್ಯಾಕ್ಟರಿನ ಹಳೆಯ ಟೈರುಗಳಲ್ಲಿ ಇಣುಕಿದರು. ಅಲ್ಲೂ ಇದ್ದವು.

“ನಳದ ಬೀಗ ತಗೀತೀರೇನ್ರಿ ಅಪ್ಪಾ?” ಎಂದು ಕೇಳಿದೆ. ಮರುದಿನ ಬೆಳಿಗ್ಗೆ ಕೊಡಗಳ ಸದ್ದಿಗೆ ನನಗೆ ಎಚ್ಚರವಾಯಿತು.

ಅಕ್ಕ ತಿಂಗಳೊಳಗೆ ಓಡಾಡತೊಡಗಿದಳು. ಗೆಳತಿಯ ಅವ್ವನ ಬೆರಳುಗಳು ಸುಗ್ಗಿಯವರೆಗೂ ನೆಟ್ಟಗಾಗಲಿಲ್ಲ. ಬೀಗ ತೆಗೆದ ಅಪ್ಪ, ಹಾಕಿದ್ದು ತಪ್ಪಾಯಿತೆಂದು ಆಕೆಗೆ ಹೇಳಿದ್ದನ್ನು ನಾನು ಯಾವತ್ತೂ ಕೇಳಲಿಲ್ಲ.

ಮಕ್ಕಳೇ, ನಿಮ್ಮ ಕಿಟಕಿಗಳಿಗೆಲ್ಲ ಜಾಳಿಗೆ ಇದೆ, ಮನೆಯೊಳಗೇ ದಿನವಿಡೀ ನೀರು ಬರುತ್ತದೆ. ಸೊಳ್ಳೆಯ ಮೈಮೇಲಿನ ಕೂದಲನ್ನೂ ನೀವು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೀರಿ. ಮೊನ್ನೆ ಸೊಳ್ಳೆ ಕೊಲ್ಲುವ ಹೊಗೆ ಬಿಡುವ ಗಾಡಿ ನಮ್ಮ ಬೀದಿಯಲ್ಲಿ ಎರಡು ಸುತ್ತು ಹಾಕಿತು, ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳತ್ತ ತಿರುಗಲೇ ಇಲ್ಲ. “ಅಜ್ಜೀ, ಆ ಕಡೆ ಯಾಕ ಹೋಗಲಿಲ್ಲ?” ಎಂದು ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಕೇಳಿದಳು. ಉತ್ತರ ನನಗೆ ಗೊತ್ತಿತ್ತು. ಆದರೂ ಚಪ್ಪಲಿ ಮೆಟ್ಟಿಕೊಂಡು ಅವಳ ಕೈಹಿಡಿದು ಗಾಡಿಯ ಹಿಂದೆ ಹೊರಟೆ, ಅವಳೇ ಗಾಡಿಯವರನ್ನು ಕೇಳಲಿ ಎಂದು.